ರೋಸಿನ ಕೈ ಹಿಡಿದ ರೆಡ್

ಎಲ್ಲಕ್ಕೂ ಮೂಲ ಪಕ್ಕದಂಗಡಿಯ ಕ್ಷೌರಿಕ. "ಹಳೇ ವಿದ್ಯಾರ್ಥಿಗಳ ಕೂಟಕ್ಕೆ ಈ ಬಿಳೀ ತಲೆ ಹೊತ್ಕೊಂಡು ಹೋಗ್ತೀಯೇನಯ್ಯಾ?" ಎಂದು ದರ್ಜಿಯನ್ನು ಕುರ್ಚಿಗೆ ಅದುಮಿ, ಕೂದಲಿಗೆ ಕಪ್ಪು ಬಳಿದ. ಅಷ್ಟಕ್ಕೇ ಸುಮ್ಮನಾಗದೆ ಮೀಸೆಯನ್ನೂ ಬೋಳಿಸಿದ. ಇಸ್ತ್ರಿಯವನು ಯಾವುದೋ ಗಿರಾಕಿಯ ಕೋಟು ತಂದು ತೊಡಿಸಿದ. ಕನ್ನಡಿಯಲ್ಲಿ ಕಂಡ ಅಪರಿಚಿತನಿಗೆ ದರ್ಜಿ ನಮಸ್ಕಾರ ಹಾಕುವುದೊಂದು ಬಾಕಿ.

ಆದರೂ ಒಳಗೊಳಗೇ ಖುಷಿ. ಇವತ್ತು ರೋಸ್ ಬರುತ್ತಾಳೆ. ಅವಳಿಗಿನ್ನೂ ಮದುವೆಯಾಗಿಲ್ಲ ಎಂದು ಅಂಚೆಯವನು ಆಣೆಯಿಟ್ಟು ಹೇಳಿದ್ದ.

ಆಗ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ವ್ಯಾಕರಣವನ್ನು ಬೋರ್ಡಿನ ಮೇಲೆ ಬರೆದವರೇ ಅಲ್ಲ. ಮಕ್ಕಳನ್ನೇ ಪದಗಳಾಗಿ ನಿಲ್ಲಿಸುತ್ತಿದ್ದರು. ಇವನು ರೆಡ್, ಅವಳು ರೋಸ್. "ಅವಳು ನೌನ್, ಒಬ್ಬಳೇ ನಿಲ್ತಾಳೆ. ನೀನು ಅಡ್ಜೆಕ್ಟಿವ್ ಕಣೋ! ಒಬ್ಬನೇ ನಿಂತ್ರೆ ಯಾವುದು ರೆಡ್ಡು, ಎಲ್ಲಿ ರೆಡ್ಡು ಅಂತ ಕೇಳ್ತಾರೆ. ಹಿಡಿ ಅವಳ ಕೈ!" ಪದವಾಗಿ ನಿಂತವರು ತಮ್ಮ ಪದ ಬಿಟ್ಟು ಬೇರೆ ಮಾತಾಡಿದರೆ ತರಗತಿಯಿಂದ ಹೊರಗೆ. ಮೇಷ್ಟ್ರು 'ಕೂತ್ಕೋ' ಅನ್ನುವವರೆಗೆ ಕದಲುವಂತಿಲ್ಲ.

ಸೀಮೆಸುಣ್ಣದ ಪುಡಿ ಹಾರಾಡುತ್ತಿದ್ದ ಆ ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವು! ಆಮೇಲೆ ದರ್ಜಿ ಊರಿಗೆಲ್ಲ ತೋಳಿನ ಅಳತೆ ತೆಗೆದ. ಯಾರ ಕೈಯನ್ನೂ ಹಿಡಿಯಲಿಲ್ಲ. ಇವತ್ತು ಅವಳನ್ನು ಕೇಳಿಯೇಬಿಡುವುದೆಂದು ಹೊರಟಿದ್ದ.

ಶಾಲೆಯ ಹಳೇ ಕೋಣೆಯಲ್ಲಿ ಪುಟ್ಟ ಬೆಂಚುಗಳಿಗೆ ದೊಡ್ಡ ಹೊಟ್ಟೆಗಳು ಸಿಕ್ಕಿಕೊಂಡಿದ್ದವು. ಮೇಷ್ಟ್ರು ಬಾಗಿದ್ದರು, ದನಿ ಬಾಗಿರಲಿಲ್ಲ. "ರೋಸ್, ಬಾಮ್ಮ. ನಮ್ಮ ರೆಡ್ ಬಂದ ಹಾಗಿಲ್ಲ. ಅವನ ಜಾಗಕ್ಕೆ ಯಾರಾದ್ರೂ ಒಬ್ಬರು ಬನ್ನಿ."

ದರ್ಜಿ ಬೆಂಚು ಉರುಳಿಸಿಕೊಂಡೇ ಎದ್ದು ಓಡಿದ. ಅವಳದು ನರೆತ ಜಡೆ, ದಪ್ಪ ಕನ್ನಡಕ, ಆದರೆ ಹಿಡಿದ ಕೈ ಮಾತ್ರ ಅದೇ ಕೈ. ಅವನ ಕಣ್ಣು ತುಂಬಿ ಬಂತು.

ಅವಳು ಪಿಸುಗುಟ್ಟಿದಳು. "ನೀವು ಅವನ ತಮ್ಮ ಅಲ್ವಾ? ಮುಖ ಹಾಗೇ ಇದೆ. ಅಣ್ಣ ಯಾಕೆ ಬರ್ಲಿಲ್ಲ?"

ದರ್ಜಿ ಬಾಯಿ ತೆರೆದ. ಮೇಷ್ಟ್ರ ಕಣ್ಣು ಅವನ ಮೇಲೇ ಇತ್ತು. ಮಾತಾಡಿದರೆ ಹೊರಗೆ, ಹೊರಗೆ ಹೋದರೆ ಈ ಕೈಯೂ ಹೋಯಿತು.

"ರೆಡ್," ಎಂದ.

"ಅವನನ್ನ ನೋಡೋಕೇ ಬಂದಿದ್ದೆ ನಾನು. ಇವತ್ತೂ ಬರ್ಲಿಲ್ಲ ಅಂದ್ರೆ ಔಷಧಿ ಅಂಗಡಿಯವರಿಗೆ ಹೂಂ ಅಂದ್ಬಿಡೋದು ಅಂತಿದ್ದೆ. ಪಾಪ, ಹೊರಗೆ ಸ್ಕೂಟರ್ ನಿಲ್ಲಿಸ್ಕೊಂಡು ಕಾಯ್ತಿದ್ದಾರೆ."

"ರೆಡ್! ರೆಡ್!"

"ಶಭಾಷ್!" ಎಂದರು ಮೇಷ್ಟ್ರು. "ನಮ್ಮ ಹುಡುಗ ಕೂಡ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ."

ಇನ್ನೇನು 'ಕೂತ್ಕೋ' ಅಂದಾರು, ಅಂದ ತಕ್ಷಣ ಎಲ್ಲ ಹೇಳಿಬಿಡುತ್ತೇನೆ ಎಂದು ದರ್ಜಿ ಹಲ್ಲು ಕಚ್ಚಿಕೊಂಡು ನಿಂತ. ಅಷ್ಟರಲ್ಲಿ ಮೇಷ್ಟ್ರು ಗುಡುಗಿದರು.

"ಯಾರದು ಪಿಸುಪಿಸು? ರೋಸ್! ಹೊರಗೆ ನಡಿ!"

ಅವಳು ಹುಡುಗಿಯ ಹಾಗೆ ನಕ್ಕು ಕೈ ಬಿಡಿಸಿಕೊಂಡಳು. "ಕೇಳ್ದೆ ಅಂತ ಅಣ್ಣನಿಗೆ ಹೇಳಿ," ಎಂದು ಹೊರಟೇ ಹೋದಳು.

"ಸಾರ್, ನಾನು..." ದರ್ಜಿ ತೊದಲಿದ.

"ಶ್!" ಮೇಷ್ಟ್ರು ತರಗತಿಯತ್ತ ತಿರುಗಿದರು. "ಈಗ ಇವನು ಒಬ್ಬನೇ ನಿಲ್ಲಬಲ್ಲನಾ?"

"ಇಲ್ಲಾ ಸಾರ್!" ಎಂದಿತು ತರಗತಿ, ಒಕ್ಕೊರಲಿನಿಂದ.

ಹೊರಗೆ ಸ್ಕೂಟರ್ ಶುರುವಾಯಿತು. ಮೇಷ್ಟ್ರು ಸಂತೃಪ್ತಿಯಿಂದ ಕುರ್ಚಿಗೊರಗಿ ಕಣ್ಣು ಮುಚ್ಚಿದರು. 'ಕೂತ್ಕೋ' ಅನ್ನುವುದು ಅವರಿಗೆ ಮರೆತೇ ಹೋಯಿತು.