ಖಾಲಿ ಡಬ್ಬಿ ವಾಪಸ್ ಕೊಡುವುದು ಹೇಗೆ?

ತ್ಯಾಗ ಮಾಡಿದವರಿಗೆ ಈ ಕಾಲದಲ್ಲಿ ಬೆಲೆಯಿಲ್ಲ. ನನ್ನನ್ನೇ ನೋಡಿ. ಹೆಂಡತಿಗಾಗಿ ನಾನು ತಿಂದಷ್ಟು ಸಿಹಿಯನ್ನು ಬೀದರ ಜಿಲ್ಲೆಯ ಯಾವ ಗಂಡನೂ ತಿಂದಿರಲಿಕ್ಕಿಲ್ಲ.

ಹೋದ ವರ್ಷ ನನ್ನ ಹೆಂಡತಿ ಕಾಂತಾಬಾಯಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಾನು ಗಾಬರಿಯಾದೆ. ಅವಳಿಗೇನಾದರೂ ಆದರೆ ನನ್ನ ಗತಿಯೇನು? (ನನ್ನ ಕನ್ನಡಕ ಎಲ್ಲಿದೆ ಎಂದು ಬಲ್ಲವಳು ಅವಳೊಬ್ಬಳೇ.) "ಪಥ್ಯ ಮನಿ ಮಂದಿಯೆಲ್ಲಾ ಕೂಡಿ ಮಾಡ್ರಿ," ಎಂದರು ಡಾಕ್ಟರು. ಮನೆಗೆ ಬಂದವನೇ ಫರ್ಮಾನು ಹೊರಡಿಸಿದೆ.

"ಇವತ್ತಿಂದ ಈ ಮನಿಯೊಳಗ ಸಕ್ಕರಿ ಬರಂಗಿಲ್ಲ. ಎಲ್ಲರಿಗೂ ಒಂದ ಊಟ, ಒಂದ ನಿಯಮ."

ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಸಪ್ಪನೆ ಚಹಾ, ಬೆಳಿಗ್ಗೆ ಕೋಟೆಯವರೆಗೆ ನಡಿಗೆ. ಎಲ್ಲ ಸರಿಯಾಗಿಯೇ ನಡೆದಿತ್ತು.

ಆದರೆ ನನ್ನ ಫರ್ಮಾನು ಪಕ್ಕದ ಮನೆಗೆ ಮುಟ್ಟಿರಲಿಲ್ಲ. ಗುಲಶನ ಆಪಾ ಡಬ್ಬಿ ತುಂಬ ಡಬಲ್ ಕಾ ಮೀಠಾ ಎಂಬ ಬ್ರೆಡ್ಡಿನ ಸಿಹಿ ಕಳಿಸಿದರು. ವಾಪಸ್ ಕೊಟ್ಟರೆ ಅವಮಾನ, ಚೆಲ್ಲಿದರೆ ಪಾಪ, ಕಾಂತಾಳಿಗೆ ಕೊಟ್ಟರೆ ಅಪಾಯ. ಉಳಿದದ್ದು ಒಂದೇ ದಾರಿ. ಮಾಳಿಗೆಯ ನೀರಿನ ಟಾಕಿಯ ಹಿಂದೆ ನಿಂತು, ಹೆಂಡತಿಗೆ ಬರಲಿದ್ದ ಗಂಡಾಂತರವನ್ನು ಚಮಚದಿಂದ ನಾನೇ ನುಂಗಿದೆ.

ನಮ್ಮ ಗಲ್ಲಿಯಲ್ಲಿ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ರಿವಾಜಿಲ್ಲ. ಕಾಂತಾಳಿಗೆಂದು ತಂದ ಪೇರಲಹಣ್ಣು ತುಂಬಿ ಕೊಟ್ಟೆ. ಮುಂದಿನ ವಾರ ಖೀರು ಬಂತು. ಅದರ ಬೆನ್ನಿಗೇ ಭಾಲ್ಕಿಯಿಂದ ಕಾಂತಾಳ ತಮ್ಮ ಪಂಢರಿ ಶೇಂಗಾ ಹೋಳಿಗೆ ಹೊತ್ತು ತಂದ. ಎಲ್ಲ ಗಂಡಾಂತರಗಳೂ ಟಾಕಿಯ ಹಿಂದೆಯೇ ಮುಗಿದವು.

"ಪೇರಲ ಎಲ್ಲಿ ಹೋದುವುರಿ?" ಎಂದಳು ಕಾಂತಾ.

"ಮಂಗ್ಯಾ ಒಯ್ದಿರಬೇಕು."

"ಭಾಳ ಶಾಣ್ಯಾ ಮಂಗ್ಯಾ ಅದ. ಬುಟ್ಟಿ ಮ್ಯಾಲಿನ ಅರಿವಿ ಮಡಚಿಟ್ಟು ಹೋಗ್ಯದ."

ಒಂದು ಭಾನುವಾರ ಮಗಳು ಪೂನಮ ತಾಯಿಯ ಬೆರಳು ಚುಚ್ಚಿ ಮೀಟರು ನೋಡಿದಳು. ಸಕ್ಕರೆ ಹಿಡಿತಕ್ಕೆ ಬಂದಿತ್ತು. ನನಗೆ ಕುಣಿಯುವಷ್ಟು ಖುಷಿ.

"ಎಲ್ಲರಿಗೂ ಒಂದ ನಿಯಮ ಅಂದಿದ್ರಲ್ಲ ಪಪ್ಪಾ, ಬೆರಳು ಕೊಡ್ರಿ."

ಕೊಟ್ಟೆ. ಪೂನಮ ಮೀಟರು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೀಟರು ನೋಡಿದಳು.

"ಮಷೀನ್ ಕೆಟ್ಟದ," ಎಂದೆ.

"ಈಗಷ್ಟ ಅಮ್ಮಗ ಚಲೋ ನಡದಿತ್ತಲ್ಲ!"

ಅಷ್ಟರಲ್ಲಿ ಗುಲಶನ ಆಪಾ ಒಳಗೆ ಬಂದರು. "ಭಾಭಿ, ನನ್ನ ಖೀರು ನಿಮಗ ಭಾಳ ಪಸಂದ್ ಅಂತ ಭಾಯಿಸಾಬ್ ಹೇಳಿದ್ರು. ಅದಕ್ಕ ಈ ಸಲ ದೊಡ್ಡ ಡಬ್ಬಿ ತಂದೀನಿ. ನೀವು ಕಳಸಿದ ಪೇರಲ ಏನ್ ಸಿಹಿ ಇದ್ದುವುರಿ!"

ಕಾಂತಾ ನನ್ನನ್ನು ನೋಡುತ್ತಲೇ ಡಬ್ಬಿಯನ್ನು ಪೂನಮಳ ಕೈಗೆ ಕೊಟ್ಟಳು. (ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಸಂಸಾರದಲ್ಲಿ ನಾನು ಕೇಳಿಲ್ಲ.)

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನನಗೂ ಸಕ್ಕರೆ ಕಾಯಿಲೆ ಎಂದು ಖಾತ್ರಿಪಡಿಸಿದರು. "ನಿಮ್ಮ ಅಪ್ಪಗೂ ಇತ್ತಂತೀರಿ. ಎಂದಾದ್ರೂ ಒಂದಿನ ಬರೋದಿತ್ತು. ನೀವು ಎದುರಿಗಿ ಹೋಗಿ ಕರಕೊಂಡು ಬಂದೀರಿ." ಆಮೇಲೆ ಕಾಂತಾಳತ್ತ ತಿರುಗಿ, "ನೀವು ಹಬ್ಬಕ್ಕೊಮ್ಮಿ ಎರಡು ಚಮಚ ಖೀರು ತಿಂದರ ನಡೀತದರಿ," ಎಂದರು.

ಮೊನ್ನೆ ಹಬ್ಬಕ್ಕೆ ಡಬ್ಬಿ ಬಂತು. ಕಾಂತಾ ನನ್ನೆದುರೇ ಕೂತು ಎರಡು ಚಮಚ ಖೀರನ್ನು ಕಣ್ಣು ಮುಚ್ಚಿ ತಿಂದು, ಉಳಿದದ್ದನ್ನು ಪೂನಮಳಿಗೆ ಕೊಟ್ಟಳು.

"ಎಲ್ಲರಿಗೂ ಒಂದ ನಿಯಮ ಅಲ್ಲೇನ?" ಎಂದೆ ದೀನನಾಗಿ.

"ಅದು ನಿಮ್ಮ ಫರ್ಮಾನುರಿ. ಇದು ಡಾಕ್ಟರ್‌ದು."

ಡಬ್ಬಿ ತೊಳೆದು, ಪೇರಲ ತುಂಬಿ, ಗುಲಶನ ಆಪಾರ ಮನೆಗೆ ಮುಟ್ಟಿಸುವ ಕೆಲಸ ಮಾತ್ರ ಈಗಲೂ ನನ್ನದೇ.