ಶಾಂತಿಪಾಲಕರ ಕನ್ನಡಕದಲ್ಲಿ ಚಹಾ ಇರಲಿಲ್ಲ

ಪೊಲೀಸ್ ಇಲಾಖೆಗೆ ಹೊಸ ಯಂತ್ರ ಬಂದಾಗಲೆಲ್ಲ ಮೊದಲು ಪೇಚಿಗೆ ಸಿಕ್ಕಿಕೊಳ್ಳುವವರು ನಾವೇ. ಈ ಸಲ ಬಂದದ್ದು ಕನ್ನಡಕ. ವಿದೇಶಕ್ಕೆ ಹೋಗುವ ಶಾಂತಿಪಾಲನಾ ಪಡೆಗೆಂದು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಕೆಲವು ಪೊಲೀಸರನ್ನು ಆರಿಸಿ, ವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ ತರಬೇತಿ ಇಟ್ಟಿದ್ದರು. ಕೊನೆಯ ಪರೀಕ್ಷೆ ಪಾಸಾದವರಿಗೆ ವಿಮಾನ. ನಾನು ಚಿತ್ತಾಪುರದ ಹವಾಲ್ದಾರ. ನನ್ನನ್ನು ಆರಿಸಿದ ದಿನವೇ ನನ್ನ ಹೆಂಡತಿ ಗಾಲಿ ಇರುವ ದೊಡ್ಡ ಸೂಟ್‌ಕೇಸ್ ತಂದು ಓಣಿಗೆಲ್ಲ ತೋರಿಸಿಯಾಗಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಫೇಲಾಗುವುದು?

ಬೆಳ್ಳಗಿನ ದೇಶ

ಕನ್ನಡಕ ಹಾಕಿಕೊಂಡರೆ ಮಂಟಪ ಮಾಯವಾಗಿ ಯಾವುದೋ ದೇಶದ ಹಳ್ಳಿ ಕಾಣುತ್ತದೆ ಎಂದು ಬೆಂಗಳೂರಿನಿಂದ ಬಂದ ತರಬೇತುದಾರ ಹೇಳಿದ. ಅಷ್ಟರಲ್ಲಿ ಕಿಟಕಿಯಿಂದ ಬಂದ ವಾಡಿಯ ಸಿಮೆಂಟ್ ಧೂಳು ಗಾಜಿನ ಮೇಲೆ ಕೂತಾಗಿತ್ತು. ಸೇಡಂನ ಪೇದೆ ಅದನ್ನೇ ಹಾಕಿಕೊಂಡು ಅತ್ತ ಇತ್ತ ತಿರುಗಿದ.

"ಏನು ಕಾಣ್ತಿದೆ?" ಎಂದ ತರಬೇತುದಾರ.

"ಎಲ್ಲಾ ಬೆಳ್ಳಗ ಅದರಿ. ಈ ದೇಶದಾಗೂ ಸಿಮೆಂಟ್ ಫ್ಯಾಕ್ಟರಿ ಅದ ಏನ್ರಿ?"

ಸತ್ತವನ ಅರ್ಜಿ

ಮರುದಿನ ಇನ್ನೊಂದು ಕನ್ನಡಕ. ಇದರಲ್ಲಿ ಮಂಟಪದ ನೆಲ ಇದ್ದ ಹಾಗೇ ಕಾಣುತ್ತದೆ, ಆದರೆ ಅದರ ಮೇಲೆ ಅಲ್ಲಲ್ಲಿ ಹೂತಿಟ್ಟ ಬಾಂಬಿನ ಗುರುತು ಮೂಡುತ್ತದೆ. ತುಳಿಯದೆ ದಾಟಬೇಕು. ಶಹಾಬಾದಿನ ಪೇದೆ ಸೀದಾ ನಡೆದೇಬಿಟ್ಟ. ಯಂತ್ರ ಢಂ ಎಂದಿತು.

"ಕೆಳಗೆ ನೋಡ್ಲಿಲ್ವಾ?" ಎಂದ ತರಬೇತುದಾರ.

"ನೋಡೀನ್ರಿ. ಈ ನೆಲದ ಪರ್ಸಿ ಕಲ್ಲು ನಮ್ಮೂರ ಖಣೀದು. ಹಾಸಿದವ ನಮ್ಮ ಮಾವ. ಇದರ ಕೆಳಗ ಬಾಂಬ್ ಇಡ್ಲಿಕ್ಕ ಅವ ಯಾರಿಗಿ ಬಿಟ್ಟಾನ್ರಿ?"

"ಸರ್, ನೀವೀಗ ಸತ್ತಿದ್ದೀರಿ!"

ಅವನು ಕನ್ನಡಕ ಬಿಚ್ಚಿಟ್ಟು, ಮಂಟಪದ ರಾತ್ರಿ ಗಸ್ತಿನ ಪಟ್ಟಿ ಬರೆಯುವ ನನ್ನ ಕಡೆ ತಿರುಗಿದ. "ಹವಾಲ್ದಾರ್ ಸಾಹೇಬ್ರ, ಕೇಳಿದ್ರಿಲ್ಲ? ಹಂಗಾದ್ರ ಇವತ್ತಿನ ಗಸ್ತಿನಾಗ ನನ್ನ ಹೆಸರು ತಗೀರಿ."

ಹೆಲಿಕಾಪ್ಟರ್ ಇದೆ

ನನ್ನ ಸರದಿ ಬಂತು. ಕನ್ನಡಕದೊಳಗಿನ ಹಳ್ಳಿಯಲ್ಲಿ ಬಾವಿ ನೀರಿಗಾಗಿ ಎರಡು ಗುಂಪಿನ ಜಗಳ. ಹಬ್ಬದ ಮುಂಚೆ ನಾವು ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತೇವಲ್ಲ, ಅದಕ್ಕೆ ನನ್ನದು ಒಂದೇ ಕಾಯಿದೆ: ಎರಡೂ ಕಡೆಯವರಿಗೆ ಒಂದೇ ಕೆಟಲಿನ ಚಹಾ, ಕುಡಿದು ಮುಗಿಯುವ ತನಕ ಯಾರೂ ಮಾತಾಡುವ ಹಾಗಿಲ್ಲ. ಬಿಸಿ ಚಹಾ ಊದುವ ಬಾಯಿ ಬೈಯಲಾರದು.

"ಮೊದಲ ಇವರಿಗೆಲ್ಲ ಚಾ ಹೇಳ್ರಿ" ಎಂದೆ.

"ಚಹಾ ಇದರಲ್ಲಿಲ್ಲ ಸರ್" ಎಂದ ತರಬೇತುದಾರ. "ಹೆಲಿಕಾಪ್ಟರ್ ಇದೆ, ಕರೆಯಲಾ?"

ಪರೀಕ್ಷೆ

ಕೊನೆಯ ದಿನ ಕನ್ನಡಕದಲ್ಲಿ ಅದೇ ಬಾವಿ, ಅದೇ ಜಗಳ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ನಿಜವಾದ ಮಂಟಪದಲ್ಲಿ, ಸೇಡಂನವರಿಗೂ ಚಿಂಚೋಳಿಯವರಿಗೂ ಜಗಳ ಹತ್ತಿಕೊಂಡಿತ್ತು. ಶಾಂತಿಪಡೆಯ ನೀಲಿ ಹೆಲ್ಮೆಟ್ ಬಂದಿದ್ದದ್ದು ಒಂದೇ. ಅದನ್ನು ಹಾಕಿಕೊಂಡು ಫೋಟೋ ಮೊದಲು ಯಾರು ತೆಗೆಸಿಕೊಳ್ಳಬೇಕು?

ನನಗೆ ಇದು ತಿಳಿಯದು. "ಬಿಡಲೇ!" "ನೀ ಬಿಡಲೇ!" ಎಂಬ ಕೂಗು ಕೇಳಿ, ಬಾವಿಯವರಿಗೆ ನಮ್ಮ ಮಾತು ಕಲಿಸಿದ್ದಾರೆ, ಭಲೇ ಎಂದುಕೊಂಡೆ. ಸದ್ದು ಬಂದ ಕಡೆ ತಿರುಗಿ, ಕೈಗೆ ಸಿಕ್ಕ ಎರಡು ಹೆಗಲು ಹಿಡಿದು ಅದುಮಿ ಕೂರಿಸಿದೆ. ಹೆಗಲು ಬೆವರಿದ್ದವು. ವಿಜ್ಞಾನ ಎಷ್ಟು ಮುಂದುವರಿದಿದೆ ಅನಿಸಿತು.

"ಎಲ್ಲಾರೂ ಕುಂದ್ರಿ! ಬಾಯಿ ಬಿಡಬ್ಯಾಡ್ರಿ! ಏ, ಚಾ ತಾರೋ!"

ಗದ್ದಲ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಕೈಗೂ ಬಿಸಿ ಕಪ್ಪು ಬಂತು. ಶುಂಠಿ ಹಾಕಿದ ಚಹಾ! ನಾನು ಹೇಳಿದ ಒಂದು ಮಾತಿಗೆ ಇಷ್ಟು ಬೆಲೆ ಕೊಟ್ಟರಲ್ಲ ಎಂದು ಕಣ್ಣು ತುಂಬಿಬಂತು. "ಭಾಳ ಚಲೋ ಮಾಡೀರಿ ಸರ್, ಇದರಾಗ ಚಾ ಹಾಕ್ಸೀರಿ" ಎಂದು ಕನ್ನಡಕ ತೆಗೆದೆ.

ಎದುರಿಗೆ ಸೇಡಂನವರೂ ಚಿಂಚೋಳಿಯವರೂ ಸಾಲಾಗಿ ಕೂತು ಚಹಾ ಊದುತ್ತಿದ್ದರು. ನೀಲಿ ಹೆಲ್ಮೆಟ್ ನನ್ನ ಕೂಗು ಕೇಳಿ ಕೆಟಲು ತಂದ ಮಂಟಪದ ಚಹಾದವನ ತಲೆಯ ಮೇಲಿತ್ತು. ತರಬೇತುದಾರನೂ ಕಪ್ಪು ಹಿಡಿದುಕೊಂಡೇ, ಕನ್ನಡಕದೊಳಗಿನದೇ ಕಾಣುವ ಗೋಡೆಯ ಪರದೆ ತೋರಿಸಿದ. ನಾನು ಬೆನ್ನು ತಿರುಗಿಸಿದ ಮೇಲೆ ಬಾವಿಯ ಗುಂಪುಗಳು ಊರಿಗೇ ಬೆಂಕಿ ಇಟ್ಟಿದ್ದವು.

"ಇಲ್ಲಿ ಶಾಂತಿ ಮಾಡಿಸಿದ್ರಿ, ಒಪ್ತೀನಿ" ಎಂದ. "ಆದರೆ ಮಾರ್ಕ್ಸು ಅಲ್ಲಿಯದು. ಸೊನ್ನೆ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಯಾವ ದೇಶ ಕೊಟ್ಟಾರ್ರಿ?"

"ಸೇಡಂ-ಚಿಂಚೋಳಿ ಗಡಿ" ಎಂದೆ.

ಅವಳು ಸೂಟ್‌ಕೇಸನ್ನು ಅಡಿಗೆಮನೆ ಕಡೆ ಉರುಳಿಸಿದಳು. "ಇರ್ಲಿ ಬಿಡ್ರಿ. ಈ ಸಲ ತೊಗರಿ ಇದರಾಗ ತುಂಬಿಡ್ತೀನಿ, ಇಲಿ ಕಾಟ ಇರಂಗಿಲ್ಲ."