ಮಡಿಯಲ್ಲಿ ಮಲಗಿದ ಸೊಂಟ

ಎಲ್ಲ ನೋವುಗಳಿಗೂ ಸಮಾಜದಲ್ಲಿ ಒಂದೇ ಮರ್ಯಾದೆ ಇಲ್ಲ. ತಲೆನೋವೆಂದರೆ ಜನ ದನಿ ತಗ್ಗಿಸುತ್ತಾರೆ. ಹಲ್ಲುನೋವೆಂದರೆ ತಮ್ಮ ಹಲ್ಲನ್ನೊಮ್ಮೆ ನಾಲಿಗೆಯಿಂದ ಮುಟ್ಟಿ ನೋಡಿಕೊಂಡು ಮರುಗುತ್ತಾರೆ. ಸೊಂಟನೋವೆಂದರೆ ಮಾತ್ರ ನಗುತ್ತಾರೆ. ನನಗೆ ಸಯಾಟಿಕಾ ಎಂಬ ನರದ ನೋವು ಬಂದಾಗ ಪುಣೆ ಸಮೀಪದ ನಿಗಡಿಯ ನಮ್ಮ ಕಾಲನಿಯೆಲ್ಲ ನಕ್ಕಿತು. ಎಂಬತ್ತರ ದಶಕದ ನಡುವಿನ ಮಾತು. ಒಂದು ಬೆಳಿಗ್ಗೆ ಪುಣೆಯ ಪದ್ಧತಿಯಂತೆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ, ಕಿಕ್ ಹೊಡೆದೆ. ಸ್ಕೂಟರು ಶುರುವಾಗಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ನಾನು ಶುರುವಾದೆ.

ಆಮೇಲೆ ಸಲಹೆಗಳು ಬಂದವು. ಒಬ್ಬರು ಹೆಬ್ಬೆರಳಿಗೆ ಕಬ್ಬಿಣದ ಉಂಗುರ ಹಾಕಿಕೊಳ್ಳಿ ಎಂದರು. ಇನ್ನೊಬ್ಬರು, ಪರದೇಶದಲ್ಲಿ ಕೈರೋಪ್ರ್ಯಾಕ್ಟರ್ ಎಂಬ ವೈದ್ಯರು ಚಾಕು ಔಷಧಿ ಯಾವುದೂ ಇಲ್ಲದೆ ಬರಿಗೈಯಲ್ಲೇ ಬೆನ್ನುಮೂಳೆ ಸರಿಮಾಡುತ್ತಾರಂತೆ ಎಂದು ಮಾಸಪತ್ರಿಕೆಯಲ್ಲಿ ಓದಿದ್ದನ್ನು ಹೇಳಿ, ನಮ್ಮ ಯೆರವಡಾದಲ್ಲೂ ಅಂಥವರಿದ್ದಾರೆ ಎಂದು ಒಬ್ಬ ಮಾಜಿ ಪೈಲ್ವಾನರ ಬಳಿ ಕರೆದೊಯ್ದರು. ಪೈಲ್ವಾನರು ನನ್ನನ್ನು ಬೋರಲು ಮಲಗಿಸಿ, ಬೆನ್ನಿಗೆ ಮೊಣಕಾಲು ಕೊಟ್ಟು ಒತ್ತಿದರು. ಟಕ್ ಎಂದು ಸದ್ದಾಯಿತು. ನರ ಜಾಗಕ್ಕೆ ಬಂತೆಂದು ನಾನು ಕೈಮುಗಿಯುವಷ್ಟರಲ್ಲಿ ಅವರು ಮೊಣಕಾಲು ಹಿಡಿದುಕೊಂಡು ಕೂತರು. ಸದ್ದು ಅವರದಾಗಿತ್ತು.

ಕೊನೆಗೆ ದೊಡ್ಡ ಡಾಕ್ಟರು, ಒಂದು ತಿಂಗಳು ತೂಕ ಕಟ್ಟಿ ಸೊಂಟ ಎಳೆಯುವ ಟ್ರ್ಯಾಕ್ಷನ್ ಹಾಕಿ ನೋಡೋಣ, ನೋವು ಇಳಿಯದಿದ್ದರೆ ಆಪರೇಷನ್ ಎಂದರು. ಬೆನ್ನಿಗೆ ಚಾಕು ಎಂದೊಡನೆ ನಾನು ಕ್ಯಾಲೆಂಡರಿನಲ್ಲಿ ಆ ತಿಂಗಳ ದಿನಗಳನ್ನು ಎಣಿಸತೊಡಗಿದೆ. ಹೆಂಡತಿ ಅಂದಿನಿಂದ ಸಾರಿಗೆ ಉಪ್ಪು ಹಾಕುವುದನ್ನು ಮರೆಯತೊಡಗಿದಳು. ನಮ್ಮ ಓಣಿಯಲ್ಲೇ ಇದ್ದ ಫಿಜಿಯೋಥೆರಪಿಯ ಸಾನೆಬಾಯಿ ಬಂದು ಎಲ್ಲ ಹೊಂದಿಸಿಕೊಟ್ಟರು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ಮಂಚದ ಕಾಲ್ತುದಿಯ ಗಾಲಿಯ ಮೇಲಿಂದ ಇಳಿದರೆ ಅದರ ಕೊನೆಯಲ್ಲಿ ಇಟ್ಟಿಗೆ ತುಂಬಿದ ಚೀಲ. ಎರಡೇ ಇಟ್ಟಿಗೆ ಸಾಕು ಎಂದು ಸಾನೆಬಾಯಿ ಒತ್ತಿ ಹೇಳಿದ್ದರು. ಆದರೆ ನಾನು ಪಿಂಪರಿಯ ಕಾರ್ಖಾನೆಯೊಂದರಲ್ಲಿ ಪ್ಲಾನಿಂಗ್ ವಿಭಾಗದವನು. ಮಶೀನು ಇಮ್ಮಡಿಯಾದರೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆಂದು ದಿನವೂ ಕಾಗದದ ಮೇಲೆ ಸಾಧಿಸಿ ತೋರಿಸುವವನು. ಇಟ್ಟಿಗೆಗೂ ಅದೇ ಲೆಕ್ಕ ಹಾಕಿದೆ. ಹೆಂಡತಿ ಬೇಡವೆಂದರೂ ವಾರಕ್ಕೊಂದು ಹೆಚ್ಚಿಸುತ್ತ ಹೋದೆ. ನೋವೂ ಹೆಚ್ಚುತ್ತ ಹೋಯಿತು. ಆಪರೇಷನ್ ತಪ್ಪಲಾರದು ಅನ್ನಿಸಿ ನಾನು ದೇವರ ಪಟದ ಕಡೆ ಆಗಾಗ ನೋಡತೊಡಗಿದೆ.

ತಿಂಗಳು ತುಂಬುವ ಹೊತ್ತಿಗೆ ಹಬ್ಬ ಬಂತು. ನಮಗೆ ಯುಗಾದಿ, ಮರಾಠಿ ಓಣಿಗೆ ಪಾಡವಾ. ಗಟ್ಟಿ ಮೊಸರಿನ ಸಿಹಿ ಶ್ರೀಖಂಡ ಮಾತ್ರ ಇಬ್ಬರಿಗೂ ಒಂದೇ. ನನ್ನ ಆರೈಕೆಗೆಂದು ಧಾರವಾಡದಿಂದ ಬಂದಿದ್ದ ಅವ್ವ ಓಣಿಗೆಲ್ಲ ಹಂಚುವಷ್ಟು ಮೊಸರು ತರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ತೂಗಹಾಕಿ ನೀರಿಳಿಸಲು ಜಾಗ ಹುಡುಕುತ್ತಿದ್ದಳು. ಆ ಸಂಜೆಯೇ ನನ್ನ ಚೀಲ ಹರಿದು ಇಟ್ಟಿಗೆಗಳು ದಡದಡನೆ ಬಿದ್ದವು. ಕೆಳಗಿನ ಮನೆಯವರು ಬಂದು ವಿಚಾರಿಸಿಕೊಂಡು ಹೋದರು. ಅವ್ವ ಬರಿದಾದ ಹಗ್ಗವನ್ನೇ ನೋಡುತ್ತ ನಿಂತಳು.

"ಇಟ್ಟಿಗಿನs ಯಾಕ ಬೇಕು? ಮೊಸರು ಹೆಂಗೂ ತೂಗಹಾಕಬೇಕು. ಎರಡೂ ಕೆಲಸ ಆಗ್ತಾವ" ಅಂದಳು.

ಗಂಟನ್ನು ಎತ್ತಿ ನೋಡಿದೆ. ನನ್ನ ಇಟ್ಟಿಗೆಗಳಿಗೆ ಕಡಿಮೆಯೇನಿರಲಿಲ್ಲ. ಒಪ್ಪಿದೆ. ತೊಡಕು ಬಂದದ್ದು ಬೇರೆ ಕಡೆಯಿಂದ. ಅದು ಮರುದಿನ ದೇವರ ನೈವೇದ್ಯಕ್ಕಾಗುವ ಪದಾರ್ಥ. ಹಾಗಾಗಿ ಹಗ್ಗ ತೊಳೆಯಲಾಯಿತು, ಗಾಲಿ ತೊಳೆಯಲಾಯಿತು, ಇನ್ನೊಂದು ತುದಿಗಿರುವ ನನ್ನನ್ನೂ ತೊಳೆಯಲಾಯಿತು. ನನಗೆ ಮಡಿಪಂಚೆ ಉಡಿಸಿ, ಒಗೆದ ಪಟ್ಟಿ ಬಿಗಿದು, ಯಾರೂ ಮುಟ್ಟಬಾರದೆಂದು ಅವ್ವ ಬಾಗಿಲಲ್ಲೇ ಕೂತಳು. ಮಡಿಯಿಂದ ನನಗೆ ಜನ್ಮದಲ್ಲಿ ಅಷ್ಟು ಉಪಕಾರ ಆಗಿರಲಿಲ್ಲ. ನೋಡಲು ಬಂದವರೆಲ್ಲ ಇಲ್ಲಿ ನೋವಾ, ಅಲ್ಲಿ ನೋವಾ ಎಂದು ಕಾಲು ಅಮುಕುವುದು ಅಂದೊಂದು ದಿನ ತಪ್ಪಿತು. ಕೆಳಗಿಟ್ಟ ಪಾತೇಲಿಗೆ ಮೊಸರಿನ ನೀರು ತೊಟ್ಟಿಕ್ಕುತ್ತಿತ್ತು. ಅದನ್ನೇ ಕೇಳುತ್ತ ನಿದ್ದೆ ಹೋದೆ.

ಬೆಳಿಗ್ಗೆ ಹಬ್ಬದ ಶುಭಾಶಯ ಹೇಳಲು ಬಂದ ಸಾನೆಬಾಯಿ ಮಂಚದ ಕಾಲ್ತುದಿಯನ್ನು ನೋಡಿ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ನೀರು ಇಳಿದು ಗಂಟಿನ ತೂಕ ಅರ್ಧವಾಗಿ, ಹೆಚ್ಚುಕಡಿಮೆ ಎರಡು ಇಟ್ಟಿಗೆಗೆ ಬಂದಿತ್ತು. ಅವ್ವನ ಅಪ್ಪಣೆ ಪಡೆದು, ಗಂಟನ್ನು ಒಳಗೆ ಕಳಿಸಿ, ನನ್ನ ಕಾಲು ಮೆಲ್ಲಗೆ ಮೇಲೆತ್ತಿದರು. ನಾನು ಕೂಗಲು ಬಾಯಿ ತೆರೆದು ಕಾದೆ. ಕಾಲು ಏರುತ್ತಲೇ ಹೋಯಿತು, ಕೂಗು ಬರಲೇ ಇಲ್ಲ.

"ಎವ್ಢಂಚ್ ವಜನ್ ಹವಂ ಹೋತಂ" ಅಂದರು ಸಾನೆಬಾಯಿ. ಇಷ್ಟೇ ತೂಕ ಬೇಕಾಗಿತ್ತು, ಹೆಚ್ಚು ಎಳೆದರೆ ಸ್ನಾಯು ಸಿಟ್ಟಿಗೇಳುತ್ತದೆ, ಹೀಗೆಯೇ ಮುಂದುವರಿದರೆ ಆಪರೇಷನ್ ಮಾತೇ ಬೇಡವೆಂದು ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದಿನ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಹೆದರಿದ್ದೆವು.

ಸಾನೆಬಾಯಿ ಇನ್ನೂ ಬಹಳ ಹೇಳಿದರು, ಎಲ್ಲ ಮರಾಠಿಯಲ್ಲಿ. ದಿನಾ ನಡೆಯಬೇಕು, ಹೊಟ್ಟೆ ಕರಗಿಸಬೇಕು, ಸಿಹಿ ಮಿತವಾಗಿರಬೇಕು, ಭಾರ ಎತ್ತಬಾರದು. ಮರಾಠಿ ಬಾರದ ಅವ್ವ ನನ್ನ ಮುಖ ನೋಡುತ್ತ, "ಏನಂತಾರ ಅವರು?" ಎಂದು ಕೇಳಿದಳು.

"ಭಾರ ಎತ್ತಬಾರದಂತ, ಅವ್ವಾ" ಎಂದೆ. ಇನ್ನು ಗೋಧಿಯ ಡಬ್ಬಿ, ನೀರಿನ ಬಕೆಟ್ಟು ಯಾವುದನ್ನೂ ಮುಟ್ಟಕೂಡದಂತೆ ಎಂದು ಬಿಡಿಸಿಯೂ ಹೇಳಿದೆ. ಉಳಿದುದನ್ನು ಅನುವಾದಿಸುವ ಕೆಲಸ ಹೆಂಡತಿ ಮಾಡಿದಳು. ಒಂದು ಶಬ್ದವನ್ನೂ ಬಿಡಲಿಲ್ಲ. ಮಧ್ಯಾಹ್ನ ನೈವೇದ್ಯವಾಗಿ ಎಲೆ ಹಾಕಿದಾಗ, ನನ್ನ ಸೊಂಟದಿಂದ ತೂಗಿ ತಯಾರಾದ ಶ್ರೀಖಂಡವನ್ನು ಓಣಿಯವರೆಲ್ಲ ಬಟ್ಟಲು ತುಂಬ ಹೊಗಳಿ ತಿಂದರು. ನನ್ನ ಎಲೆಗೆ ಅವ್ವ ಚಮಚದ ತುದಿಯಲ್ಲಿ ಬಡಿಸಿ, "ಇಷ್ಟs ತೂಕ ಸಾಕಂತ" ಎಂದು ಮುಂದಿನ ಎಲೆಗೆ ಹೋದಳು.